ದಾಸೋಹ ಯಾವುದು, ಬಿಟ್ಟಿ ಯಾವುದು?

ನ್ಯಾಯದ ಕೆಲಸ ಪುಣ್ಯದ ಕೆಲಸ, ಅದಕ್ಕೆ ರೊಕ್ಕ ಕೇಳಬಾರದು ಅಂತ ನಮ್ಮ ಕಡೆ ಭಾಳ ಮಂದಿ ಹೇಳ್ತಾರ. ಕೇಳಲಿಕ್ಕೆ ಛಲೋ ಮಾತು. ಆದರೆ ಈ ಮಾತು ಹೇಳೋರು ಉಂಡು ಕುಂತವರೋ, ಹಸಿದು ನಿಂತವರೋ ಅಂತ ಒಮ್ಮೆ ನೋಡಬೇಕಾಗತದ. ಅಕ್ಕಲಕೋಟ ಭಾಗದ ರೈತರ, ಕೂಲಿಕಾರರ ಮಕ್ಕಳೂ ಈಗ ಸೊಲ್ಲಾಪುರಕ್ಕೆ ಹೋಗಿ ವಕೀಲಕಿ ಕಲೀತಾರ. ಅದಕ್ಕೇ ಈ ಪ್ರಶ್ನೆ ನಮ್ಮ ಮನಿ ಬಾಗಿಲಿಗೆ ಬಂದದ. ನಾನು ಏಳನೆಯ ಇಯತ್ತೆ ಕಲಿತ ರೈತ, ಮ್ಯಾಳದಾಗ ಹಾಡುವವ. ತಿಳಿದವರನ್ನು ಕೇಳಿ, ನನಗೆ ಹೊಳೆದದ್ದನ್ನು ಬರೆದೇನಿ.

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮದ ಪ್ರಕಾರ ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದವರು 20 ವಾರ ಕಾಲೇಜಿನ ಹೊರಗೆ ಕೆಲಸ ಕಲಿಯಬೇಕು. ಅದಕ್ಕೆ ಇಂಟರ್ನ್‌ಶಿಪ್ ಅಂತಾರ. ವಕೀಲರ ಹತ್ತಿರ ಕಲಿಯಬಹುದು, ಬಡವರ ಸಲುವಾಗಿ ದುಡಿಯುವ ಸಂಸ್ಥೆಯಲ್ಲೂ ಕಲಿಯಬಹುದು. ಆದರೆ ಆ ದಿನಗಳ ಊಟ, ಬಾಡಿಗಿ, ಗಾಡಿ ಖರ್ಚು ಯಾರ ಮ್ಯಾಲ? 2024ರ ಅಕ್ಟೋಬರ್‌ನಲ್ಲಿ ಇದೇ ಕೌನ್ಸಿಲ್ಲು ಕಿರಿಯ ವಕೀಲರಿಗೆ ತಿಂಗಳಿಗೆ ಶಹರದಾಗ 20,000, ಹಳ್ಳಿ ಭಾಗದಾಗ 15,000 ರೂಪಾಯಿ ಕೊಡಿರಿ ಅಂತ ಹೇಳಿತು. ಅದು ಸಲಹೆ, ಕಡ್ಡಾಯ ಅಲ್ಲ. ಅದೂ ವಕೀಲರಾದವರ ಮಾತು, ಇನ್ನೂ ಕಲಿಯುವವರ ಮಾತು ಅಲ್ಲ.

ಇನ್ನು ಮಾನವ ಹಕ್ಕು ಅಂದರೇನು? ದಿಲ್ಲಿಯಲ್ಲಿ 1993ರ ಅಕ್ಟೋಬರ್ 12ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ಥಾಪನೆ ಆಯಿತು. ಆದರೆ ಬಡವರು ಹಕ್ಕು ಕಳಕೊಳ್ಳೋದು ತಮ್ಮ ಊರಾಗೇ. ಗಂಡ ಸತ್ತ ಮ್ಯಾಲ ಸಾತಬಾರಾ ಉತಾರದಾಗ ಹೆಸರು ಏರದ ಹೆಣ್ಣುಮಗಳು, ಮುಂಗಡ ತೀರದೆ ಕಬ್ಬು ಕಡಿಯುವವರು, ಯಾಕೆ ಹಿಡಿದು ತಂದರು ಅಂತ ತಿಳಿಯದೆ ಠಾಣೆಯಾಗ ಕುಂತ ಪಾರಧಿ ಹುಡುಗ. ಸೊಲ್ಲಾಪುರದ ಹಳೇ ಮಂದಿಗೆ ‘ಸೆಟಲಮೆಂಟ್’ ಅಂದರ ಗೊತ್ತು. 1871ರಲ್ಲಿ ಇಂಗ್ರಜರು ಕೆಲವು ಕುಲಗಳನ್ನೇ ಅಪರಾಧಿ ಅಂತ ಕಾಯ್ದೆ ಬರೆದರು. ಮುಂದೆ ಅವರನ್ನು ತಂತಿಬೇಲಿಯೊಳಗ ಇಟ್ಟು ದಿನಾ ಹಾಜರಿ ತಗೊಂಡರು. 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ರದ್ದಾಯಿತು. ಕಾಯ್ದೆ ಹೋಯಿತು, ಮಂದಿ ಕಣ್ಣಾಗಿನ ಸಂಶಯ ಹೋಗಲಿಲ್ಲ.

ಇಂಥವರಿಗೆ ಪುಕ್ಕಟ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳತದ. 1995ರ ನವೆಂಬರ್ 9ರಿಂದ ಅದು ಜಾರಿಯಲ್ಲದ. ಹೆಣ್ಣುಮಕ್ಕಳು, ಚಿಕ್ಕ ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿ ಇದ್ದವರು ಎಲ್ಲರಿಗೂ ಅದರಾಗ ಜಾಗ ಅದ. ಆದರೆ ಆ ವಕೀಲರ ತನಕ ಮುಟ್ಟೋದು ಹ್ಯಾಂಗ? ಅರ್ಜಿ ಮರಾಠಿಯಾಗ, ಮುದುಕಿಯ ದುಃಖ ಕನ್ನಡದಾಗ. ಎರಡೂ ಬಲ್ಲ ಹುಡುಗಿ ಒಬ್ಬಾಕಿ ಹತ್ತಿರ ಕುಂತು ‘ಏನಾತು ಹೇಳಬೇ ಆಯಿ’ ಅಂದರೆ ಮಾತ್ರ ಆ ದುಃಖ ಕಾಗದಕ್ಕೆ ಇಳೀತದ.

ಆ ಹುಡುಗಿ ಕೂಲಿಕಾರರ ಮಗಳು ಅಂತ ತಿಳೀರಿ. ಮುಂಜಾನೆ ಕಾಲೇಜು ಮುಗಿಸಿ ನವಿ ಪೇಠದ ಅರಿವಿ ಅಂಗಡಿಯಾಗ ರಾತ್ರಿ ತನಕ ನಿಂತು ರೂಮಿನ ಬಾಡಿಗಿ ಗಳಿಸತಾಳ. ವಾರಕ್ಕೆ ಎರಡು ದಿವಸ ಅಂಗಡಿ ಬಿಟ್ಟು, ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟಕ್ಕೆ ಬಂದು ಅರ್ಜಿ ಬರೀಬೇಕು. 2023ರಿಂದ ಎಸ್‌ಟಿ ಗಾಡಿಯಾಗ ಹೆಣ್ಣುಮಕ್ಕಳಿಗೆ ಅರ್ಧ ಟಿಕೀಟು, ಖರೆ. ಆದರೆ ಎರಡು ದಿವಸದ ಪಗಾರ ಹೋಯಿತಲ್ಲ? ಮನಸ್ಸು ಇದ್ದರೂ ಬಾಡಿಗಿ ಸಲುವಾಗಿ ಆಕಿ ಹಿಂದ ಸರೀತಾಳ. ಮುದುಕಿಯ ಮಾತು ಬಲ್ಲಾಕಿ ಅಂಗಡಿಯಾಗ ಉಳೀತಾಳ. ಪುಕ್ಕಟ ದುಡಿಯುವ ಅನುಕೂಲ ಇದ್ದವರೇ ಮುಂದ ಬರ್ತಾರ. ಅವರು ಒಳ್ಳೆಯವರೇ ಇರಬಹುದು, ಆದರೆ ಮುದುಕಿ ಹೇಳಿದ್ದು ಅವರಿಗೆ ತಿಳಿಯೋದಿಲ್ಲ.

ಇಲ್ಲಿ ನಾವು ಒಂದು ಫರಕು ತಿಳಕೋಬೇಕು. ಶರಣರು ಕಾಯಕ ಅಂದರು, ದಾಸೋಹ ಅಂದರು. ಕಾಯಕ ಮಾಡಿ ಗಳಿಸಿದ್ದರಾಗ ಹಂಚೋದು ದಾಸೋಹ. ಗಳಿಕೆಯೇ ಇಲ್ಲದವರ ಕಡೆಯಿಂದ ದಾಸೋಹ ಬೇಡಿದರೆ ಅದು ಬಿಟ್ಟಿ ಚಾಕರಿ ಆಗತದ. ಬಿಟ್ಟಿ ದುಡಿಸಬಾರದು ಅಂತ ನಮ್ಮ ಸಂವಿಧಾನದ 23ನೆಯ ಕಲಮೇ ಹೇಳತದ. ವಿದ್ಯಾರ್ಥಿಯನ್ನ ಯಾರೂ ಕಟ್ಟಿ ಹಾಕಿ ದುಡಿಸೋದಿಲ್ಲ, ಒಪ್ಪತೀನಿ. ಆದರೂ ಹಕ್ಕಿನ ಮಾತು ಹೇಳುವ ಕೆಲಸದಾಗ ದುಡಿದವರ ಹೊಟ್ಟೆ ಮರೆತರೆ ಆ ಮಾತಿಗೆ ಬೆಲೆ ಎಲ್ಲಿ ಉಳೀತು?

ರೊಕ್ಕ ಕೊಟ್ಟರೆ ಸೇವಾ ಭಾವ ಕೆಡತದ ಅಂತಾರ. ಹಾಡೋರಿಗೆ ಜಾತ್ರಿಯವರು ವೀಳ್ಯ ಕೊಟ್ಟು ಕರೀತಾರ, ಊಟ ಹಾಕ್ತಾರ, ಗಾಡಿ ಖರ್ಚು ಕೊಡ್ತಾರ. ಅದರಿಂದ ಪದದಾಗಿನ ಭಕ್ತಿ ಕಡಿಮಿ ಆಗಿಲ್ಲ. ಆದರೆ ಇನ್ನೊಂದು ಅಂಜಿಕಿ ಖರೇನೇ ಅದ. ವೀಳ್ಯ ಕೊಟ್ಟ ಗೌಡ ‘ಈ ಪದ ಹಾಡು, ಆ ಪದ ಬ್ಯಾಡ’ ಅಂತಾನ. ಕಬ್ಬಿನ ಕಾರ್ಖಾನೆಯ ಮಾಲಕ ಹುಡುಗಿಯ ಖರ್ಚು ಕೊಟ್ಟರೆ, ನಾಳೆ ಕಬ್ಬು ಕಡಿಯುವವರ ಅರ್ಜಿ ಬರೆಯುವಾಗ ಆಕಿ ಕೈ ನಡುಗೀತು. ಆದ್ದರಿಂದ ರೊಕ್ಕ ಕೊಡಬೇಕೋ ಬ್ಯಾಡೋ ಅನ್ನೋಕಿಂತ, ಯಾರು ಕೊಡಬೇಕು, ಹ್ಯಾಂಗ ಕೊಡಬೇಕು ಅನ್ನೋದೇ ದೊಡ್ಡ ಪ್ರಶ್ನೆ.

1913ರಲ್ಲಿ ಬಡೋದೆಯ ಸಯಾಜಿರಾವ ಮಹಾರಾಜರು ಶಿಷ್ಯವೃತ್ತಿ ಕೊಟ್ಟರು, ಅಂಬೇಡ್ಕರ್ ಅವರು ಅಮೇರಿಕಾದ ಕೊಲಂಬಿಯಾ ವಿದ್ಯಾಪೀಠಕ್ಕೆ ಹೋದರು. ಓದು ಮುಗಿದ ಮ್ಯಾಲ ಸಂಸ್ಥಾನದಾಗ ಚಾಕರಿ ಮಾಡಬೇಕು ಅಂತ ಕರಾರು ಇತ್ತು. ಕೊಡೋ ಕೈ ಒಂದೇ ಇದ್ದಾಗ ಕರಾರು ಬಂದೇ ಬರತದ. ಈಗ ಮಹಾರಾಜರು ಇಲ್ಲ, ಆದರೆ ಊರು ಅದ. ಜಾತ್ರಿಗೆ ನಾವು ಮನಿಗೆ ಇಷ್ಟು ಅಂತ ಪಟ್ಟಿ ಎತ್ತತೀವಿ. ಪಟ್ಟಿ ಕೊಟ್ಟವ ತೇರು ನನ್ನದು ಅನ್ನೋದಿಲ್ಲ, ಯಾಕಂದರ ಎಲ್ಲರೂ ಕೊಟ್ಟಿರತಾರ. ಇದೂ ಹಾಂಗೇ ಆಗಲಿ. ನಾಲ್ಕು ಹಳ್ಳಿ ಕೂಡಿ ಒಬ್ಬ ವಿದ್ಯಾರ್ಥಿಯ ವಾರದ ಎರಡು ದಿವಸದ ಪಗಾರ, ಗಾಡಿ ಖರ್ಚು ಹೊರಲಿ. ಕೇಸು ಗೆದ್ದರೂ ಸೋತರೂ ಅಷ್ಟೇ ಕೊಡಲಿ. ಯಾರ ಅರ್ಜಿ ಬರೆದಿ ಅಂತ ಕೊಟ್ಟವರು ಕೇಳಬಾರದು, ಅದು ನಮ್ಮ ವಿರುದ್ಧ ಬರೆದದ್ದು ಇದ್ದರೂ ಸೈತ.

ಈ ಕಡೆಯ ಮಾತು ಒಪ್ಪೋದು ಭಾಳ ಕಷ್ಟ ಅಂತ ನನಗ ಗೊತ್ತದ. ಅದನ್ನ ಒಪ್ಪೋ ಧೈರ್ಯ ನಮ್ಮ ಊರಿಗೆ ಅದ ಏನು, ವಾಚನಾಲಯದ ಕಟ್ಟಿ ಮ್ಯಾಲ ಕುಂತು ವಿಚಾರ ಮಾಡೋಣು.