ಚೌರಿಯ ತುದಿ

ಜಡೆ ಹಾಕಿಕೊಳ್ಳುವಾಗ ನಮ್ಮ ಗಮನವೆಲ್ಲ ಬೈತಲೆಯ ಮೇಲೆ. ಅದು ನೆಟ್ಟಗಿದೆಯೇ ಎಂದು ಎರಡು ಸಲ ಕನ್ನಡಿ ನೋಡುತ್ತೇವೆ. ತುದಿಗೆ ಕೈಗೆ ಸಿಕ್ಕ ರಬ್ಬರ್ ಬ್ಯಾಂಡು ಸುತ್ತಿ ಬಿಡುತ್ತೇವೆ. ಸ್ವಂತ ಕೂದಲಾದರೆ ಇದು ನಡೆಯುತ್ತದೆ. ಚೌರಿ ಸೇರಿಸಿ ಹೆಣೆದ ಜಡೆಗೆ ನಡೆಯುವುದಿಲ್ಲ. ನಮ್ಮ ಕೂದಲು ಅರ್ಧದಲ್ಲೇ ಮುಗಿದಿರುತ್ತದೆ. ತುದಿ ಸಡಿಲವಾದರೆ ಹೆಣಿಗೆ ಬಿಚ್ಚುತ್ತಾ ಹೋಗಿ ಚೌರಿ ಕಳಚಿ ಬೀಳುತ್ತದೆ.

ಹಾಗೆ ಬಿದ್ದದ್ದನ್ನು ನಾನು ನೋಡಿದ್ದೇನೆ. 2002ರ ಮಾತು. ಎಂಟನೇ ತರಗತಿಯ ಹುಡುಗಿಯೊಬ್ಬಳು ಆಟದ ಪೀರಿಯಡ್ಡಿನಲ್ಲಿ ಓಡುತ್ತಿದ್ದಾಗ ಅವಳ ಚೌರಿ ಮೈದಾನದಲ್ಲಿ ಬಿತ್ತು. ಮಕ್ಕಳು ಗೊಳ್ಳೆಂದು ನಕ್ಕರು. ನಗುವವರನ್ನು ಗದರುವುದು ಬಿಟ್ಟು ನಾನು ಅವಳಿಗೇ ಬುದ್ಧಿ ಹೇಳಿದೆ: "ಇಲ್ಲದ್ದನ್ನು ಇದೆ ಅಂತ ತೋರಿಸಿಕೊಳ್ಳೋದು ಯಾಕೆ? ಅದೂ ಒಂದು ಸುಳ್ಳೇ ಅಲ್ಲವೇ?" ಸತ್ಯದ ಪಾಠ ಹೇಳಿದೆನೆಂಬ ಸಮಾಧಾನವೂ ಆಗ ನನಗಿತ್ತು.

ಮರುದಿನ ಅವಳ ತಾಯಿ ಬಂದರು. ಟೈಫಾಯಿಡ್ ಆದ ಮೇಲೆ ಮಗಳ ಕೂದಲು ಉದುರಿತ್ತಂತೆ. ಸೆರಗಿನ ಮರೆಯಿಂದ ಚೌರಿ ತೆಗೆದು ಮೇಜಿನ ಮೇಲಿಟ್ಟರು. "ಇದು ಅಂಗಡೀದಲ್ಲ ಮೇಡಂ, ನನ್ನ ತಲೇದೇ. ಬಾಚಿದಾಗ ಬಂದಿದ್ದನ್ನ ಮೂರು ವರ್ಷದಿಂದ ಎತ್ತಿಟ್ಟಿದ್ದೆ" ಎಂದರು. ಸಿಕ್ಕು ಬಿಡಿಸಿ, ಸೀಗೆಯಲ್ಲಿ ತೊಳೆದು, ಬುಡ ಒಂದು ಕಡೆ ತುದಿ ಒಂದು ಕಡೆ ಬರುವಂತೆ ಎಳೆ ಜೋಡಿಸಿ, ಮೂರು ಕಾಲು ಮಾಡಿ, ಮೇಲೆ ಕರಿದಾರದಲ್ಲಿ ಬಿಗಿದಿದ್ದರು. "ತುದಿ ನಾನು ಸರಿಯಾಗಿ ಕಟ್ಟಿರಲಿಲ್ಲ. ತಪ್ಪು ನಂದು" ಎಂದರು.

ಸುಳ್ಳು ಎಲ್ಲಿತ್ತು? ಕೂದಲು ನಿಜವಾದದ್ದೇ. ಕೊಟ್ಟವಳು ತಾಯಿ.

2004ರಲ್ಲಿ ಒಂದು ಸುದ್ದಿ ಓದಿದಾಗ ಆ ಚೌರಿ ಮತ್ತೆ ನೆನಪಾಯಿತು. ನ್ಯೂಯಾರ್ಕಿನಲ್ಲೂ ಇಸ್ರೇಲಿನಲ್ಲೂ ಸಂಪ್ರದಾಯಸ್ಥ ಯಹೂದಿಗಳು ದುಬಾರಿ ಟೋಪನ್‌ಗಳನ್ನು ಸುಟ್ಟಿದ್ದರು. ಅವರಲ್ಲಿ ಮದುವೆಯಾದ ಹೆಂಗಸರು ಸ್ವಂತ ಕೂದಲನ್ನು ಮುಚ್ಚಿಕೊಳ್ಳಬೇಕು. ಅದಕ್ಕೆ ಹಲವರು ಟೋಪನ್ ಧರಿಸುತ್ತಾರೆ. ಅದರ ಕೂದಲು ನಮ್ಮ ತಿರುಪತಿಯಲ್ಲಿ ಭಕ್ತರು ಕೊಟ್ಟ ಮುಡಿಯದು ಎಂದು ತಿಳಿದಾಗ, ಅನ್ಯದೇವರಿಗೆ ಅರ್ಪಿಸಿದ್ದು ಸಲ್ಲದೆಂದು ಅವರ ಹಿರಿಯ ಧರ್ಮಗುರು ಎಲ್ಯಾಶಿವ್ ತೀರ್ಪು ಕೊಟ್ಟರು. ಅವರ ನಂಬಿಕೆ ಅವರದು. ಆದರೆ ಕೂದಲು ಹೇಗೆ ಕಾಣುತ್ತದೆ ಎನ್ನುವುದಕ್ಕಿಂತ ಕೊಟ್ಟವರು ಯಾವ ಮನಸ್ಸಿನಿಂದ ಕೊಟ್ಟರು ಎನ್ನುವುದನ್ನು ಅವರು ಕೇಳಿದರಲ್ಲ! ನಾನು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಕಂಡದ್ದನ್ನು ಆಡಿಬಿಡುವುದೇ ಸತ್ಯ ಎಂದುಕೊಂಡಿದ್ದೆ. ಆಡಿದ ಮಾತು ಯಾರ ಮೇಲೆ ಬೀಳುತ್ತದೆ ಎಂದು ನೋಡದಿದ್ದರೆ ಅದು ಅರ್ಧ ಸತ್ಯವಷ್ಟೆ.

ಆ ತಾಯಿಯ ಮುಂದೆ "ತಪ್ಪಾಯಿತಮ್ಮ" ಎಂದೆ. ಆದರೆ ಅಂದದ್ದು ಸ್ಟಾಫ್ ರೂಮಿನಲ್ಲಿ. ತಪ್ಪು ಮಾಡಿದ್ದು ನಲವತ್ತು ಮಕ್ಕಳೆದುರು. ತರಗತಿಯಲ್ಲಿ ನಿಂತು ಅದೇ ಮಾತು ಹೇಳಲು ನಾಲಿಗೆ ಏಳಲಿಲ್ಲ. ಆ ಹುಡುಗಿ ವರ್ಷವಿಡೀ ಗಿಡ್ಡ ಜಡೆಯಲ್ಲೇ ಬಂದಳು, ಹಿಂದಿನ ಬೆಂಚಿನಲ್ಲೇ ಕೂತಳು.

ಈಗ ನನ್ನ ಕೂದಲೂ ತೆಳುವಾಗಿದೆ. ಶಾಲೆಯ ಸಮಾರಂಭಕ್ಕೆ ಹೊರಟಾಗ ನಾನೂ ಚೌರಿ ಸೇರಿಸಿಕೊಳ್ಳುತ್ತೇನೆ. ನೈಲಾನಿನದಾದರೆ ಎಳೆ ಬಿಚ್ಚದಂತೆ ತುದಿಗೆ ಊದುಬತ್ತಿಯ ಕಿಡಿ ತಾಗಿಸಿದರೆ ಸಾಕು, ಕರಗಿ ಗಟ್ಟಿ ಗುಂಡಾಗುತ್ತದೆ. ನಿಜವಾದ ಕೂದಲು ಹಾಗೆ ಅಂಟುವುದಿಲ್ಲ. ಕಮಟು ಬಂದು ಬೂದಿಯಾಗುತ್ತದೆ. ಅದನ್ನು ಕೈಯಿಂದಲೇ ಕಟ್ಟಬೇಕು. ನಾಲ್ಕು ಬೆರಳು ತುದಿ ಬಿಟ್ಟು, ಅದನ್ನು ಮೇಲಕ್ಕೆ ಮಡಿಸಿ, ಕರಿದಾರ ಬಿಗಿಯಾಗಿ ಸುತ್ತಿ, ದಾರದ ಕೊನೆಯನ್ನು ಸುತ್ತಿನೊಳಗೇ ಸೇರಿಸಿ ಎಳೆಯಬೇಕು. ಅದರ ಮೇಲೆ ಕುಚ್ಚು.

ಹೀಗೆ ಕಟ್ಟುವುದನ್ನು ಅಂದು ಆ ತಾಯಿಯೇ ನನಗೆ ತೋರಿಸಿಕೊಟ್ಟಿದ್ದರು. ತರಗತಿಯಲ್ಲಿ ಯಾರನ್ನಾದರೂ ನೋಯಿಸಿದರೆ ಈಗ ನಾನು ಸ್ಟಾಫ್ ರೂಮಿಗೆ ಕರೆಯುವುದಿಲ್ಲ. ಮರುದಿನ ಹಾಜರಿ ಕೂಗುವ ಮೊದಲು ಎಲ್ಲರೆದುರೇ ಹೇಳುತ್ತೇನೆ. ಆ ಹುಡುಗಿಗೆ ಹೇಳಬೇಕಾದದ್ದು ಮಾತ್ರ ಇನ್ನೂ ಬಾಕಿಯಿದೆ.