ಕೈ ಬಲ್ಲ ಹದ

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳ ಬೀದಿಗೆ ಕಾಲಿಟ್ಟರೆ ಮೊದಲು ಎದುರಾಗುವುದು ವಾಸನೆ. ಹುಳು ಬೆಂದ ವಾಸನೆ. ಊರಿನವರಿಗೆ ಅದು ಗಮನಕ್ಕೂ ಬರುವುದಿಲ್ಲ, ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಒಳಗೆ ಕುದಿನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಎಳೆಗಳನ್ನು ಹಿಡಿದಿಟ್ಟಿರುವ ಸೆರಿಸಿನ್ ಎಂಬ ಅಂಟು ಸಡಿಲವಾಗುವಷ್ಟು ಅವು ಬೇಯಬೇಕು. ಬೆಂದದ್ದು ಸಾಲದಿದ್ದರೆ ಎಳೆಯ ತುದಿಯೇ ಸಿಗದು, ಸಿಕ್ಕರೂ ಪದೇ ಪದೇ ಕಡಿಯುತ್ತದೆ. ಹೆಚ್ಚು ಬೆಂದರೆ ಗೂಡು ಮೆತ್ತಗಾಗಿ ಎಳೆ ಗೋಜಲಾಗುತ್ತದೆ, ನೂಲಾಗಬೇಕಾದದ್ದು ಕಸವಾಗುತ್ತದೆ. ಹಳೆಯ ಚರಕದ ಮುಂದೆ ಕೂತವರ ಹತ್ತಿರ ಉಷ್ಣಮಾಪಕ ಇರುವುದಿಲ್ಲ. ಗೂಡಿನ ಬಣ್ಣ ನೋಡುತ್ತಾರೆ, ಬೆರಳಿಗೆ ತಾಗಿಸುತ್ತಾರೆ, ಎತ್ತುತ್ತಾರೆ. ಎಷ್ಟು ನಿಮಿಷ ಬೇಯಿಸಬೇಕು ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ‘ಹದ ನೋಡ್ಕಂಡು ತೆಗೀಬೇಕು.’

ಹದ ಎಂದರೇನು? ನಾವು ಅದನ್ನು ಅಡುಗೆಮನೆಯ ಮಾತು ಎಂದುಕೊಂಡಿದ್ದೇವೆ. ನಿಜಕ್ಕೂ ಅದು ಕನ್ನಡದ ದೊಡ್ಡ ತಾತ್ತ್ವಿಕ ಪದಗಳಲ್ಲೊಂದು, ನಾವು ಹಾಗೆ ಕರೆದಿಲ್ಲ ಅಷ್ಟೆ. ಮಳೆ ಬಿದ್ದ ಮೇಲೆ ಹೊಲಕ್ಕೆ ಹದ ಬರುತ್ತದೆ. ಕಮ್ಮಾರ ಕುಡುಗೋಲಿಗೆ ಹದ ಕೊಡುತ್ತಾನೆ. ತೊಗಲನ್ನು ಹದ ಮಾಡುತ್ತಾರೆ, ಪಾಕ ಹದಕ್ಕೆ ಬರುತ್ತದೆ. ಗೌರಿಬಿದನೂರು, ಚಿಂತಾಮಣಿ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಅಲ್ಲಿ ಇದೇ ಪದ ‘ಪದುನು’ ಆಗಿ ನೆಲದ ತೇವವನ್ನೂ ಕತ್ತಿಯ ಹರಿತವನ್ನೂ ಹೇಳುತ್ತದೆ. ಹಳಗನ್ನಡದ ‘ಪದ’ವೇ ಹದವಾದದ್ದು. ಎರಡು ಭಾಷೆ, ಒಂದೇ ಬೇರು.

ಗಮನಿಸಿ: ಈ ಯಾವ ಬಳಕೆಯಲ್ಲೂ ಹದ ಒಂದು ಅಳತೆಯಲ್ಲ. ಅಳತೆಯನ್ನು ಚೀಟಿಯಲ್ಲಿ ಬರೆದು ಕಳಿಸಬಹುದು, ಹದವನ್ನು ಕಳಿಸಲಾಗದು. ಅದನ್ನು ಕಾಣಲು ವಸ್ತು ಎದುರಿಗಿರಬೇಕು, ಕೈ ಅದರ ಮೇಲಿರಬೇಕು, ಹೊತ್ತೂ ಕೂಡಿಬರಬೇಕು.

ಪಶ್ಚಿಮದ ತತ್ತ್ವಶಾಸ್ತ್ರ ಈ ಬಗೆಯ ಅರಿವಿಗೆ ಜಾಗ ಹುಡುಕಿ ಬಹಳ ಅಲೆದಿದೆ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಆರನೆಯ ಭಾಗದಲ್ಲಿ ಸಿದ್ಧಾಂತದ ಜ್ಞಾನವೇ ಬೇರೆ, ಮಾಡುವ ಕಸುಬಿನ ಜ್ಞಾನವೇ ಬೇರೆ ಎಂದು ವಿಂಗಡಿಸಿದ. ಗಿಲ್ಬರ್ಟ್ ರೈಲ್ 1949ರಲ್ಲಿ, ಒಂದು ವಿಷಯ ಹೀಗಿದೆ ಎಂದು ತಿಳಿದಿರುವುದಕ್ಕೂ ಅದನ್ನು ಮಾಡಲು ಬರುವುದಕ್ಕೂ ಇರುವ ಅಂತರವನ್ನು ಎತ್ತಿ ತೋರಿಸಿದ. ರಸಾಯನ ವಿಜ್ಞಾನಿಯಾಗಿದ್ದು ಆಮೇಲೆ ತತ್ತ್ವಜ್ಞಾನಕ್ಕೆ ಬಂದ ಹಂಗೆರಿಯ ಮೈಕೇಲ್ ಪೊಲಾನಿ 1966ರ ಪುಸ್ತಕದಲ್ಲಿ, ಪ್ರಯೋಗಾಲಯದ ವಿಜ್ಞಾನವೂ ಬಾಯಿಗೆ ಬಾರದ ತಿಳಿವಳಿಕೆಯ ಮೇಲೇ ನಿಂತಿದೆ ಎಂದು ವಾದಿಸಿದ. ಚರಕದ ಮುಂದಿನ ಹೆಂಗಸಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಆದರೆ ಹದ ಪೊಲಾನಿಗಿಂತ ಒಂದು ಹೆಜ್ಜೆ ಮುಂದಿದೆ ಎಂದು ನನಗನ್ನಿಸುತ್ತದೆ. ಅವನು ಹೇಳುವ ಮೂಕ ಅರಿವು ಇರುವುದು ಬಲ್ಲವನ ಒಳಗೆ. ಹದವಾದರೋ ವಸ್ತುವಿನಲ್ಲೂ ಇದೆ, ಮನುಷ್ಯನಲ್ಲೂ ಇದೆ. ಮಣ್ಣು ಹದಕ್ಕೆ ಬರುವ ಹಾಗೆ ಕೆಲಸ ಮಾಡುತ್ತಾ ಮಾಡುತ್ತಾ ಆಳೂ ಹದಕ್ಕೆ ಬರುತ್ತಾನೆ. ಐತರೇಯ ಬ್ರಾಹ್ಮಣದಲ್ಲಿ ಇದಕ್ಕೆ ಹತ್ತಿರದ ಮಾತಿದೆ. ಕಂಚಿನ ಪಾತ್ರೆ, ಬಟ್ಟೆ, ಚಿನ್ನದ ಒಡವೆಗಳನ್ನು ಶಿಲ್ಪವೆಂದು ಹೆಸರಿಸುವ ಆ ಗ್ರಂಥ, ಶಿಲ್ಪದಿಂದ ಮನುಷ್ಯ ತನ್ನನ್ನೇ ಸಂಸ್ಕರಿಸಿಕೊಳ್ಳುತ್ತಾನೆ ಎನ್ನುತ್ತದೆ. ಬಟ್ಟೆಯೂ ಶಿಲ್ಪ! ಶಿಲ್ಪ ಎಂದೊಡನೆ ನಮಗೆ ನಂದಿಯ ಭೋಗನಂದೀಶ್ವರ ದೇವಾಲಯದ ಕಲ್ಲಿನ ಮಂಟಪ ಮಾತ್ರ ನೆನಪಾಗುತ್ತದೆ. ವಾತ್ಸ್ಯಾಯನನ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಹಾಡು ಕುಣಿತಗಳ ಜೊತೆಗೇ ಅಡುಗೆ, ಹೂ ಕಟ್ಟುವುದು, ಹೊಲಿಗೆ, ಬೆತ್ತ ಹೆಣೆಯುವುದು ಕೂತಿವೆ. ಕಲೆಗೊಂದು ಪಂಕ್ತಿ, ಕಸುಬಿಗೊಂದು ಪಂಕ್ತಿ ಎಂಬ ಏರ್ಪಾಡು ಆ ಪಟ್ಟಿಗೆ ಗೊತ್ತಿಲ್ಲ.

ಒಂದೇ ಕೆಲಸ ದಿನವೂ ಮಾಡುವುದರಲ್ಲಿ ಸೃಜನಶೀಲತೆ ಎಲ್ಲಿಂದ ಬಂತು ಎಂದು ಕೇಳಬಹುದು. ಹುಳು ಮನೆಗೆ ಬನ್ನಿ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆಯ ರೈತರು ಅದನ್ನು ‘ಜ್ವರ’ ಎನ್ನುತ್ತಾರೆ. ಹುಳು ತಲೆಯೆತ್ತಿ, ಸೊಪ್ಪು ಬಿಟ್ಟು, ಅಲ್ಲಾಡದೆ ಕೂತರೆ ಜ್ವರಕ್ಕೆ ಕೂತಿದೆ ಎಂದರ್ಥ. ಆಗ ಸೊಪ್ಪು ಹಾಕಬಾರದು. ಎಲ್ಲವೂ ಜ್ವರದಿಂದ ಎದ್ದಿವೆಯೇ ಎಂದು ನೋಡಿ ಮತ್ತೆ ಹಾಕಬೇಕು. ಕೊನೆಗೆ ಮೈ ಪಾರದರ್ಶಕವಾಗಿ ‘ಹಣ್ಣಾದ’ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವ ಹೊತ್ತಿಗೆ ಮನೆಮಂದಿ ಸಾಲದೆ ಅಕ್ಕಪಕ್ಕದವರೂ ಕೈ ಹಾಕುತ್ತಾರೆ. ಆ ಚಂದ್ರಿಕೆಯೋ, ಮೇದರು ಬಿದಿರ ಸೀಳುಗಳನ್ನು ಸುರುಳಿ ಸುತ್ತಿ ತಟ್ಟೆಯ ಮೇಲೆ ಹೆಣೆದದ್ದು. ಸುತ್ತಿನಿಂದ ಸುತ್ತಿಗೆ ಒಂದು ಗೂಡು ಹಿಡಿಯುವಷ್ಟೇ ಜಾಗ ಬಿಟ್ಟಿರುತ್ತಾರೆ. ಮಳೆಗಾಲದ ಹುಳುವಿನ ಹಾಗೆ ಬೇಸಿಗೆಯದು ಇರುವುದಿಲ್ಲ, ಒಂದು ಬೆಳೆಯ ಗೂಡಿನ ಹಾಗೆ ಇನ್ನೊಂದರದು ಬೇಯುವುದಿಲ್ಲ. ಕೆಲಸ ಒಂದೇ ಇರಬಹುದು, ಎದುರಿಗಿರುವುದು ಪ್ರತಿ ಸಲವೂ ಬೇರೆ. ಆ ಬೇರೆತನವನ್ನು ಗುರುತಿಸಿ ಕೈ ಬದಲಿಸುವುದೇ ಸೃಜನಶೀಲತೆ. ಚಿತ್ರ ಬರೆಯುವವನು ಮಾಡುವುದೂ ಅದನ್ನೇ.

ಇಲ್ಲಿ ಒಂದು ತಡೆ ಹಾಕಲೇಬೇಕು. ಬಿಸಿನೀರಿನಲ್ಲಿ ದಿನವಿಡೀ ಅದ್ದಿದ ಬೆರಳುಗಳು ಸುಲಿದು ಹೋಗುತ್ತವೆ. ಅಂಥ ಕೈಗಳನ್ನು ಮುಂದಿಟ್ಟುಕೊಂಡು ಕರಕುಶಲದ ಹಾಡು ಹಾಡುವುದು ನನಗಾಗದು. ಆಟೋಮ್ಯಾಟಿಕ್ ರೀಲಿಂಗ್ ಯಂತ್ರ ಬಂದು ಆ ಬೆರಳುಗಳಿಗೆ ಬಿಡುವು ಸಿಕ್ಕಿದರೆ ಸಿಗಲಿ. ಈ ಜಿಲ್ಲೆಗೆ ಎರಡೂ ಕಡೆಯ ವಾದ ಹೊಸದಲ್ಲ. ಯಂತ್ರ ಕೈಗಾರಿಕೆಯಿಂದಲೇ ನಾಡಿನ ಉಳಿವು ಎಂದು ನಂಬಿದ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ. ಚರಕದ ಗಾಂಧೀಜಿ 1927ರಲ್ಲಿ ಕಾಯಿಲೆಯಿಂದ ಸುಧಾರಿಸಿಕೊಂಡದ್ದು ಅಲ್ಲೇ ಸಮೀಪದ ನಂದಿಬೆಟ್ಟದ ಮೇಲೆ. ಅಂದಹಾಗೆ ಗಾಂಧೀಜಿಯ ಚರಕವೂ ಶಿಡ್ಲಘಟ್ಟದ ಚರಕವೂ ಹೆಸರಿಗೆ ಮಾತ್ರ ಒಂದೇ. ಅದು ಹತ್ತಿಯ ತುಂಡು ನಾರುಗಳನ್ನು ಹುರಿ ಮಾಡಿ ಇಲ್ಲದ ನೂಲನ್ನು ಉಂಟುಮಾಡುತ್ತದೆ. ಇದು ಹುಳು ಆಗಲೇ ಸುತ್ತಿಟ್ಟ ಎಳೆಯನ್ನು ಬಿಚ್ಚುತ್ತದೆ. ಒಂದು ನೂಲುವುದು, ಇನ್ನೊಂದು ಬಿಚ್ಚುವುದು.

ಹೊಟ್ಟೆಪಾಡಿನ ದುಡಿಮೆ ಯಂತ್ರಕ್ಕೆ ಹೋಗಬಹುದು. ನನ್ನ ಚಿಂತೆ ಇರುವುದು ಮನೆಯ ಬಗ್ಗೆ. ನಮ್ಮ ದಿನದಲ್ಲಿ ಹದ ನೋಡಬೇಕಾದ ಒಂದು ಕೆಲಸವೂ ಉಳಿಯದೇ ಹೋದರೆ? ಕೈಗೆಲಸ ಎಂದರೆ ಶನಿವಾರದ ತರಗತಿ, ಅಂಗಡಿಯ ಕಿಟ್ಟು, ಗೋಡೆಗೆ ತೂಗುಹಾಕುವ ಏನೋ ಒಂದು ಎಂದಾಗಿದೆ. ಅದು ತಪ್ಪೆಂದಲ್ಲ, ಅದಕ್ಕೆ ಬಿಡುವು ಹೊಂದಿಸಬೇಕು. ಹದಕ್ಕೆ ಬೇರೆ ಬಿಡುವು ಬೇಡ. ನಮ್ಮ ಸೀಮೆಯಲ್ಲಿ ರಾತ್ರಿ ಮುದ್ದೆ ಮಾಡಲೇಬೇಕು. ನಾನು ಮೊದಲ ಸಲ ಅಳತೆಯ ಲೋಟ ಹಿಡಿದೇ ಮುದ್ದೆಗೆ ನಿಂತೆ. ಎಸರು ಲೆಕ್ಕದಂತೆ, ಹಿಟ್ಟು ಲೆಕ್ಕದಂತೆ. ಆದದ್ದು ಗಂಟು ಗಂಟು. ಹಿಟ್ಟು ಹಳೆಯದೋ ಹೊಸದೋ, ಉರಿ ಎಷ್ಟೋ, ಕೋಲಿಗೆ ಸಿಗುವ ಬಿಗಿ ಎಂಥದೋ, ಯಾವುದೂ ಲೋಟಕ್ಕೆ ತಿಳಿಯದು. ಕೋಲು ಹಿಡಿದ ಮಣಿಕಟ್ಟಿಗೆ ತಿಳಿಯುತ್ತದೆ, ಅದೂ ಹತ್ತಾರು ಸಲ ಕೆಟ್ಟ ಮೇಲೆ.

ಕೆಡಲು ಅವಕಾಶವಿರುವುದೇ ಇದರಲ್ಲಿ ಮುಖ್ಯ. ಪ್ಯಾಕೆಟ್ಟು ಒಡೆದು ಸುರಿಯುವುದರಲ್ಲಿ ಕೆಡುವುದೇನಿಲ್ಲ, ಹಾಗಾಗಿ ಕಲಿಯುವುದೂ ಏನಿಲ್ಲ. ಕೆಟ್ಟದ್ದೆಲ್ಲ ವ್ಯರ್ಥವೂ ಅಲ್ಲ. ರೇಷ್ಮೆ ಗೂಡನ್ನು ಕತ್ತರಿಸಿ, ಬಣ್ಣ ಅದ್ದಿ, ಹಾರ ಕಟ್ಟುವವರು ಶಿಡ್ಲಘಟ್ಟದಲ್ಲಿದ್ದಾರೆ. ನೂಲಿಗೆ ಬಾರದ ಗೂಡೂ ಅಲ್ಲಿ ದಳವಾಗುತ್ತದೆ.

ಮುಂದಿನ ಚಳಿಗಾಲಕ್ಕೆ ಒಂದು ಕೋರಿಕೆ. ಚಿಂತಾಮಣಿಯಿಂದ ಬೆಂಗಳೂರಿನವರೆಗೆ ಸಂತೆ, ರಸ್ತೆಬದಿಗಳಲ್ಲಿ ಸೊಗಡಿನ ಅವರೆಕಾಯಿ ರಾಶಿ ಬಿದ್ದಿರುತ್ತದೆ. ಪಕ್ಕದಲ್ಲೇ ಹಿತಕಿದ ಬೇಳೆಯೂ ಪ್ಲಾಸ್ಟಿಕ್ ಚೀಲದಲ್ಲಿ ಸಿಗುತ್ತದೆ. ಅದನ್ನು ಬಿಟ್ಟು ಕಾಯಿಯನ್ನೇ ತನ್ನಿ. ಸುಲಿದು, ಕಾಳನ್ನು ನೀರಿನಲ್ಲಿ ನೆನೆಸಿ, ಮಕ್ಕಳನ್ನೂ ಕೂರಿಸಿಕೊಂಡು ಹಿತಕಿ. ಸಿಪ್ಪೆ ಎಷ್ಟು ನೆನೆದರೆ ಬೆರಳ ಒಂದೇ ಒತ್ತಿಗೆ ಬೇಳೆ ಹೊರಗೆ ಚಿಮ್ಮುತ್ತದೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.