ಹಳೆಯ ಪದಾರ್ಥಗಳ ಬೆಲೆ



ನಮ್ಮ ತಾಳವಾಡಿ ಸೀಮೆಯಿಂದ ಮೈಸೂರಿಗೋ ಬೆಂಗಳೂರಿಗೋ ನೆಂಟರ ಮನೆಗೆಂದು ಹೋದವರನ್ನು ಈಗಿನ ಮಕ್ಕಳು ದೇವಸ್ಥಾನ, ಅರಮನೆಗಳ ಜೊತೆಗೆ ಇನ್ನೊಂದು ಜಾಗಕ್ಕೂ ಕರೆದುಕೊಂಡು ಹೋಗುತ್ತಾರೆ. ಅದು ಹಳೆಯ ಸಾಮಾನುಗಳ ಅಂಗಡಿ. ಬೆಂಗಳೂರಿನ ಚಿಕ್ಕಪೇಟೆಯ ಸುತ್ತ ಭಾನುವಾರದ ದಿನ ರಸ್ತೆಯ ಮೇಲೆಯೇ ಇಂಥ ಸಂತೆ ನಡೆಯುತ್ತದೆ. ಕೆಟ್ಟುಹೋದ ಗಡಿಯಾರ, ಗ್ರಾಮೋಫೋನು, ಬೀಗ, ಸುತ್ತಿಗೆ, ಹಿತ್ತಾಳೆ ಚೊಂಬು ಎಲ್ಲವೂ ಒಂದೇ ಗೋಣಿಚೀಲದ ಮೇಲೆ ಹರಡಿರುತ್ತವೆ. ಜೀರಹಳ್ಳಿಯ ಒಕ್ಕಲಿನವನಿಗೆ ಅಲ್ಲಿ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ತನ್ನ ಅಟ್ಟದ ಮೇಲೆ ಇಲಿ ಓಡಾಡುವ ಸೇರು, ಬಳ್ಳಗಳಿಗೆ ಅಲ್ಲಿ ಸಾವಿರ ರೂಪಾಯಿಯ ಮಾತು. ನಾವು ಹೊಲದ ಬದುವಿಗೆ ಎಸೆದ ಕೂರಿಗೆಯನ್ನು ಹೋಟೆಲಿನವರು ಎಣ್ಣೆ ಬಳಿದು ಗೋಡೆಗೆ ನೇತುಹಾಕುತ್ತಾರೆ.

ಇದು ಸರಿಯೇ, ತಪ್ಪೇ ಎಂದು ಕೆಲವರು ಕೇಳುತ್ತಾರೆ. ಹಿರಿಯರು ಮುಟ್ಟಿದ ವಸ್ತುವನ್ನು ಮಾರುವುದು ಪಾಪವೆಂಬುದು ಒಬ್ಬರ ಅಭಿಪ್ರಾಯ. ಪರರ ಮನೆಯ ಹಳೆಯ ವಸ್ತುವನ್ನು ತಂದರೆ ಅವರ ದುಃಖವೂ ಅದರೊಡನೆ ಮನೆ ಸೇರುತ್ತದೆಂಬುದು ಇನ್ನೊಬ್ಬರ ಭಯ. ಎರಡನೆಯದಕ್ಕೆ ಹೆಚ್ಚು ಮಾತು ಬೇಕಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದರೆ ತಾಮ್ರದ ಕಿಲುಬು ಹೋಗುತ್ತದೆ, ಅದಕ್ಕಿಂತ ಹೆಚ್ಚಿನದೇನೂ ಪಾತ್ರೆಗೆ ಅಂಟಿರುವುದಿಲ್ಲ. ಮೊದಲನೆಯದನ್ನು ಮಾತ್ರ ವಿಚಾರಿಸಬೇಕು.

ತಮಿಳುನಾಡಿನವರಾದ ನಮಗೆ ಕಾರೈಕುಡಿಯ ಉದಾಹರಣೆ ಹತ್ತಿರದ್ದು. ಅಲ್ಲಿ ಮುನೀಶ್ವರನ್ ಕೋವಿಲ್ ಬೀದಿಯ ತುಂಬ ಹಳೆಯ ಸಾಮಾನಿನ ಅಂಗಡಿಗಳೇ. ನಾಟ್ಟುಕೋಟೈ ಚೆಟ್ಟಿಯಾರರು ಬರ್ಮಾ, ಮಲಯಗಳಲ್ಲಿ ಲೇವಾದೇವಿ ಮಾಡಿ, ಬರ್ಮಾ ತೇಗದ ಕಂಬಗಳನ್ನು ತರಿಸಿ ಅರಮನೆಯಂಥ ಮನೆಗಳನ್ನು ಕಟ್ಟಿಸಿದವರು. 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದ ಮೇಲೆ ಆ ವ್ಯಾಪಾರ ಮುರಿಯಿತು. ಒಂದು ಮನೆಗೆ ವಾರಸುದಾರರು ಹತ್ತಾರು ಮಂದಿ, ಒಬ್ಬೊಬ್ಬರು ಒಂದೊಂದು ಊರಿನಲ್ಲಿ. ಹೆಂಚು ಬದಲಿಸಲು ಹಣ ಕೊಡುವವರಿಲ್ಲ. ಎಷ್ಟೋ ಮನೆಗಳನ್ನು ಬಿಚ್ಚಿದರು. ಕಂಬ, ಬಾಗಿಲು, ಪಿಂಗಾಣಿ ಜಾಡಿ, ಎನಾಮಲ್ ಪಾತ್ರೆ ಆ ಬೀದಿಗೆ ಬಂದವು. ಅದನ್ನು ಕಂಡವರು ಆ ಮಕ್ಕಳನ್ನು ದೂಷಿಸುತ್ತಾರೆ. ಆದರೆ ಹತ್ತು ಜನರ ನಡುವೆ ಒಂದು ಬಾಗಿಲನ್ನು ಹೇಗೆ ಪಾಲು ಮಾಡುವುದು? ಮಾರಿ ಹಣ ಹಂಚಿಕೊಂಡರೆ ಮಾತ್ರ ಸಮಪಾಲು. ನಮ್ಮಲ್ಲಿಯೂ ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲವನ್ನು ಅಳೆದು ಹಂಚುತ್ತಾರೆ, ಕೊನೆಗೆ ಒಂದು ತಾಮ್ರದ ಹಂಡೆಗಾಗಿ ಪಂಚಾಯಿತಿ ಸೇರಿಸುತ್ತಾರೆ. ಅದನ್ನು ಮಾರಿಬಿಟ್ಟಿದ್ದರೆ ಇಬ್ಬರೂ ಮಾತಾಡಿಕೊಂಡು ಇರುತ್ತಿದ್ದರು ಎನ್ನಿಸುವ ಸಂದರ್ಭಗಳನ್ನು ನಾವೆಲ್ಲ ನೋಡಿದ್ದೇವೆ.

ಉಪಯೋಗ ತಪ್ಪಿದ ವಸ್ತು ಮನೆ ಬಿಡುವುದು ಸಹಜವೂ ಹೌದು. 1956ರ ಕಾನೂನಿನ ಮೇರೆಗೆ ಕಿಲೋ, ಲೀಟರುಗಳು ಬಂದವು, ಸೇರು, ಪಾವು, ಕೊಳಗಗಳು ಕ್ರಮೇಣ ವ್ಯವಹಾರದಿಂದ ಹೋದವು. ಮಿಕ್ಸರು ಬಂತು, ಒರಳು ಹಿತ್ತಲಿಗೆ ಹೋಯಿತು. ಒರಳಿನ ಮುಂದೆ ಕೂತು ರಟ್ಟೆ ಸವೆಸಿದ ತಾಯಂದಿರನ್ನು ಕೇಳಿದರೆ ಅವರಾರೂ ಅದಕ್ಕಾಗಿ ಕಣ್ಣೀರು ಹಾಕುವುದಿಲ್ಲ. ಸ್ಟೀಲ್ ಪಾತ್ರೆಯವನು ಬೀದಿಗೆ ಬಂದಾಗ ಹಳೆಯ ಹಿತ್ತಾಳೆಯನ್ನು ಕೊಟ್ಟು ಹೊಳೆಯುವ ತಟ್ಟೆ ತೆಗೆದುಕೊಂಡ ಹೆಂಗಸರನ್ನು ದಡ್ಡರೆಂದು ಕರೆಯುವುದು ಅನ್ಯಾಯ. ಕಲಾಯಿ ಮಾಡುವವನಿಗೆ ಕಾಯುವ ಕಷ್ಟ ಅವರಿಗೆ ಗೊತ್ತಿತ್ತು.

ನನಗೆ ಕಷ್ಟದ ಪ್ರಶ್ನೆಯೆನಿಸಿದ್ದು ಬೆಲೆಯದು. ಗುಜರಿಯವನು ಹಳ್ಳಿಯಲ್ಲಿ ತೂಕಕ್ಕೆ ಕೊಳ್ಳುತ್ತಾನೆ, ಪಟ್ಟಣದ ಅಂಗಡಿಯವನು ವಯಸ್ಸಿಗೆ ಮಾರುತ್ತಾನೆ. ನಡುವಿನ ವ್ಯತ್ಯಾಸ ಯಾರದು? ವ್ಯಾಪಾರಸ್ಥರಾದ ನಮ್ಮ ಭಕ್ತರು ಕೂಡಲೇ ಹೇಳುವರು: ಅವನು ಸಾಗಿಸಬೇಕು, ತೊಳೆಯಬೇಕು, ಬಾಡಿಗೆ ಕಟ್ಟಬೇಕು, ಗಿರಾಕಿಗಾಗಿ ವರ್ಷಗಟ್ಟಲೆ ಕಾಯಬೇಕು, ಅದಕ್ಕೆಲ್ಲ ಲಾಭ ಬೇಡವೇ? ಬೇಕು. ಇದು ಇಂಥ ಕಾಲದ ಕೆಲಸವೆಂದು ಗುರುತಿಸುವ ತಿಳಿವಳಿಕೆಗೂ ಕೂಲಿ ಸಲ್ಲಬೇಕು. ಅದೂ ಒಂದು ಕಾಯಕವೇ.

ಆದರೆ ಅರಿಸಿನದ ಮಾತು ತೆಗೆದುಕೊಳ್ಳಿ. ಈರೋಡಿನ ಪೇಟೆಯಲ್ಲಿ ಧಾರಣೆ ಏರಿರುವುದನ್ನು ತಿಳಿದ ದಲ್ಲಾಳಿ, ತಿಳಿಯದ ರೈತನ ಕಣಕ್ಕೆ ಬಂದು "ಈ ಸಲ ಕೇಳುವವರೇ ಇಲ್ಲ" ಎಂದರೆ ನಮಗೆ ಹೊಟ್ಟೆ ಉರಿಯುತ್ತದೆ. ಅವನು ಮೋಸಗಾರ ಎನ್ನುತ್ತೇವೆ. ಅದೇ ನಾವು, ಒಂಟಿ ಮುದುಕಿಯ ಮನೆಯ ದೀಪದ ಕಂಬಕ್ಕೆ ಪಟ್ಟಣದಲ್ಲಿ ಏನು ಬೆಲೆಯೆಂದು ಬಲ್ಲೆವು. "ಅಜ್ಜಿ, ಇದು ಬರೀ ಹಳೇ ಹಿತ್ತಾಳೆ" ಎಂದು ಗುಜರಿ ಬೆಲೆಗೆ ತಂದರೆ ಜಾಣತನವೆಂದು ನೆಂಟರ ಮುಂದೆ ಹೇಳಿಕೊಳ್ಳುತ್ತೇವೆ. ಎರಡರಲ್ಲಿ ಏನು ಭೇದವಿದೆ? ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ ಎಂದು ವಾದಿಸುವವರುಂಟು. ಇಬ್ಬರು ವ್ಯಾಪಾರಿಗಳ ನಡುವೆ ಈ ವಾದ ನಡೆದೀತು, ಇಬ್ಬರಿಗೂ ಪೇಟೆಯ ದಾರಿ ಗೊತ್ತು. ಔಷಧಿಗೆ ಹಣವಿಲ್ಲದೆ ಮಾರಲು ನಿಂತವಳ ಮುಂದೆ ನಡೆಯದು. ಅಲ್ಲಿ ನಮ್ಮ ಮೌನವೇ ಅವಳ ಬೆಲೆಯನ್ನು ಕಡಿಮೆ ಮಾಡುತ್ತದೆ.

ಕೊಳ್ಳುವವನು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಇದು ಎಲ್ಲಿಂದ ಬಂತು? ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ಗ್ರಾಮದ ಗುಡಿಯಿಂದ ಕಳುವಾದ ಚೋಳರ ಕಾಲದ ನಟರಾಜನನ್ನು 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಶಾಲೆ ಸುಮಾರು 50 ಲಕ್ಷ ಡಾಲರಿಗೆ ಕೊಂಡಿತು. ಮಾರಿದವನು ಸುಳ್ಳು ಕಾಗದಪತ್ರ ತೋರಿಸಿದ್ದನು. 2014ರಲ್ಲಿ ವಿಗ್ರಹ ಭಾರತಕ್ಕೆ ಹಿಂದಿರುಗಿತು. ಕಳ್ಳನಿಗೆ ಧೈರ್ಯ ಬರುವುದು ಕೇಳದೆ ಕೊಳ್ಳುವವರಿಂದ. 1972ರ ಪುರಾತನ ವಸ್ತುಗಳ ಕಾಯಿದೆ ನೂರು ವರ್ಷ ಮೀರಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸಬಾರದೆನ್ನುತ್ತದೆ. ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷವಾದರೆ ಸಾಕು. ನಮ್ಮ ಹೊಲಗಳ ಅಂಚಿನ ವೀರಗಲ್ಲು, ಊರ ಗುಡಿಯ ಗಂಟೆ ಯಾರೊಬ್ಬರ ಸ್ವತ್ತೂ ಅಲ್ಲ. ಅದನ್ನು ಮಾರಲು ಊರ ಯಜಮಾನನಿಗೂ ಹಕ್ಕಿಲ್ಲ.

ಓಲೆಗರಿಯ ವಿಷಯವಂತೂ ಪೂರ್ತಿ ಬೇರೆ. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಕಟ್ಟುಗಳನ್ನು ಕೂಡಿಸಿದ್ದರಿಂದಲೇ 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚಾಯಿತು. ಜಗಲಿಯ ಮೇಲೆ ಪೂಜೆಗಷ್ಟೇ ಇದ್ದ ಗರಿಗಳು ಓದುವವನ ಕೈ ಸೇರಿದವು. ಅಲ್ಲಿ ಮನೆಯಲ್ಲಿಟ್ಟುಕೊಳ್ಳುವುದಕ್ಕಿಂತ ಕೊಡುವುದೇ ಹೆಚ್ಚಿನದಾಯಿತು. ಅಂಥ ಕಟ್ಟು ಯಾರ ಮನೆಯಲ್ಲಾದರೂ ಇದ್ದರೆ, ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವವನಿಗಿಂತ ಅದನ್ನು ಓದಬಲ್ಲ ವಿಶ್ವವಿದ್ಯಾಲಯದವರಿಗೆ ಮೊದಲು ಹೇಳಿ ಕಳುಹಿಸಿರಿ.

ಕಡೆಯದಾಗಿ ಬೆಳ್ಳಿಯ ಕರಡಿಗೆ. ವಿದೇಶದ ಹರಾಜಿನ ಪಟ್ಟಿಗಳಲ್ಲಿಯೂ ನಮ್ಮವರ ಹಳೆಯ ಕರಡಿಗೆಗಳು ಕಾಣಿಸಿಕೊಳ್ಳುತ್ತವೆ. ಕಂಡ ಕೂಡಲೇ ಬಿಡಿಸಿ ತರಬೇಕೆಂದು ಕೆಲವರ ಹಟ. ಅಷ್ಟು ತಳಮಳ ಬೇಡ. ಲಿಂಗವು ಧರಿಸಿದವರೊಡನೆ ಮಣ್ಣಿಗೆ ಹೋಗುತ್ತದೆ. ಉಳಿದ ಕರಡಿಗೆ ಬೆಳ್ಳಿ, ಅಕ್ಕಸಾಲಿಗನ ಕೆಲಸ ಅಷ್ಟೆ. ಕಷ್ಟಕ್ಕೆ ಅದನ್ನು ಮಾರಿ ಮಗಳ ಫೀಸು ಕಟ್ಟಿದವನು ತಲೆ ತಗ್ಗಿಸಬೇಕಾಗಿಲ್ಲ. ಆದರೆ ಮಾರುವ ಮುನ್ನ ಅಕ್ಕತಂಗಿಯರಿಗೆ ಒಂದು ಮಾತು ತಿಳಿಸಬೇಕು. ತವರಿನ ಪಾಲಿನಲ್ಲಿ ಏನನ್ನೂ ಕೇಳದ ಹೆಣ್ಣುಮಗಳು, ಅಪ್ಪನ ಕೊರಳಲ್ಲಿ ದಿನವೂ ನೋಡಿದ ಆ ಕರಡಿಗೆಯನ್ನು ಗುಜರಿಯವನು ಕೊಡುವುದಕ್ಕಿಂತ ನೂರು ರೂಪಾಯಿ ಹೆಚ್ಚಿಗೆ ಕೊಟ್ಟೇ ತೆಗೆದುಕೊಂಡಾಳು.